ಹಂದಿ ವೀರ್ಯ ಮೂರನೇ ದಿನಕ್ಕೇ ಸೋಲುತ್ತಿದೆಯಾ? ಸಂಗ್ರಹದಿಂದ ಬಳಕೆಯವರೆಗೆ ಹಂತ ಹಂತದ ಮಾರ್ಗದರ್ಶಿ

ಕೃತಕ ಗರ್ಭಧಾರಣೆಗೆಂದು ವೀರ್ಯ ಇಟ್ಟ ಪೆಟ್ಟಿಗೆ ಸರಿಯಾಗಿ 17 ಡಿಗ್ರಿ ತೋರಿಸುತ್ತಿದೆ. ವೀರ್ಯವನ್ನು ತೆಳುಮಾಡಿ ಕೆಡದಂತೆ ಇಡಲು ಬೆರೆಸುವ ದ್ರವ, ಅಂದರೆ ಎಕ್ಸ್‌ಟೆಂಡರ್, ಹೊಸದು. ಸಂಗ್ರಹಿಸಿದ ದಿನ ಮೈಕ್ರೋಸ್ಕೋಪಿನಲ್ಲಿ ವೀರ್ಯಾಣುಗಳು ಚುರುಕಾಗಿಯೇ ಓಡಾಡುತ್ತಿದ್ದವು. ಮೂರನೇ ದಿನ ನೋಡಿದರೆ ಅರ್ಧಕ್ಕರ್ಧ ಅಲ್ಲಾಡುತ್ತಿಲ್ಲ. ಈ ದೂರು ಮತ್ತೆ ಮತ್ತೆ ಬರುತ್ತಲೇ ಇದೆ. ಆಗ ಹೆಚ್ಚಿನವರು ಎಕ್ಸ್‌ಟೆಂಡರ್ ಬದಲಿಸುತ್ತಾರೆ. ಮುಂದಿನ ಸಲವೂ ಅದೇ ಕಥೆ.

ನಾನು ನೋಡಿದ ಮಟ್ಟಿಗೆ ತಪ್ಪು ಆಗಿರುವುದು ಸಾಮಾನ್ಯವಾಗಿ ಮೊದಲ ಒಂದು ಗಂಟೆಯಲ್ಲಿ. ಅಲ್ಲಿ ಪೆಟ್ಟು ತಿಂದ ವೀರ್ಯಾಣು ಆ ದಿನ ಈಜುತ್ತದೆ, ಮರುದಿನವೂ ಈಜಬಹುದು. ಮೂರನೇ ದಿನ ನಿಲ್ಲುತ್ತದೆ. ಹಾಗಾಗಿ ಈ ಬರಹದಲ್ಲಿ ಆ ಮೊದಲ ಗಂಟೆಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು ತಿಳಿದಿರಲಿ. ಹಂದಿಯ ವೀರ್ಯಾಣುವಿನ ಹೊರಪೊರೆಯಲ್ಲಿ ಕೊಲೆಸ್ಟ್ರಾಲ್ ಕಡಿಮೆ. ಅದಕ್ಕೇ ಅದು ಚಳಿಗೆ ತಡೆಯುವುದಿಲ್ಲ. 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಪೊರೆ ಹಾಳಾಗುತ್ತದೆ, ಮತ್ತೆ ಬಿಸಿ ಮಾಡಿದರೂ ಸರಿಹೋಗುವುದಿಲ್ಲ. ಹೋರಿಯ ವೀರ್ಯವನ್ನು ದ್ರವರೂಪದಲ್ಲಿ 5 ಡಿಗ್ರಿಯಲ್ಲಿ ಇಡಬಹುದು, ಹಂದಿಯದನ್ನು ಹಾಗೆ ಇಡಲಾಗುವುದಿಲ್ಲ. 20 ಡಿಗ್ರಿಗಿಂತ ಮೇಲೆ ಹೋದರೆ ವೀರ್ಯಾಣುಗಳು ಜಾಸ್ತಿ ದುಡಿದು ಬೇಗ ಸುಸ್ತಾಗುತ್ತವೆ, ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ನಡುವೆ ಉಳಿಯುವುದು ಒಂದು ಸಣ್ಣ ಕಿಂಡಿ. ಅದರಲ್ಲಿ ನಮ್ಮ ಗುರಿ 17.

## ಬೇಕಾಗುವ ಸಾಮಾನು

ಮೊದಲು ಎರಡು ಒಳ್ಳೆಯ ಥರ್ಮಾಮೀಟರ್. ಎರಡನ್ನೂ ಒಂದೇ ಲೋಟ ನೀರಿನಲ್ಲಿ ಇಟ್ಟು ನೋಡಿ. ಒಂದೇ ಅಂಕಿ ತೋರಿಸದಿದ್ದರೆ ಯಾವುದು ಸರಿ ಎಂದು ತಿಳಿಯುವವರೆಗೆ ಕೆಲಸ ಶುರು ಮಾಡಬೇಡಿ.

ವಾಟರ್ ಬಾತ್ (ಒಂದೇ ಶಾಖದಲ್ಲಿಡುವ ಬಿಸಿನೀರಿನ ತೊಟ್ಟಿ), ಬಿಸಿ ಮಾಡುವ ಸ್ಟೇಜ್ ಇರುವ ಮೈಕ್ರೋಸ್ಕೋಪ್, ಸ್ಲೈಡ್, ಕವರ್ ಸ್ಲಿಪ್, ಎಣಿಕೆಗೆ ಹಿಮೋಸೈಟೋಮೀಟರ್ (ಚೌಕಗಳನ್ನು ಕೊರೆದ ಎಣಿಕೆಯ ಸ್ಲೈಡ್) ಅಥವಾ ಫೋಟೋಮೀಟರ್, ಗ್ರಾಂ ತೂಗುವ ತಕ್ಕಡಿ, ಶಾಖ ಹಿಡಿದಿಡುವ ಸಂಗ್ರಹ ಪಾತ್ರೆ, ಸೋಸುವ ಗಾಜ್ ಬಟ್ಟೆ, ವಿನೈಲ್ ಕೈಗವಸು, ಡೋಸ್ ಬಾಟಲಿ. ಕೊನೆಗೆ, ಬಿಸಿಯನ್ನೂ ತಂಪನ್ನೂ ಎರಡನ್ನೂ ಕೊಡುವ ಶೇಖರಣಾ ಪೆಟ್ಟಿಗೆ. ಮನೆಯ ಫ್ರಿಜ್ ಈ ಕೆಲಸಕ್ಕೆ ಆಗುವುದಿಲ್ಲ. ಅದು 4 ಡಿಗ್ರಿಯ ಸುತ್ತಮುತ್ತ ಇರುತ್ತದೆ, ಮತ್ತು ಹೊರಗೆ ಚಳಿ ಬಿದ್ದಾಗ ಒಳಗೆ ಬಿಸಿ ಮಾಡಲು ಅದಕ್ಕೆ ಬರುವುದಿಲ್ಲ.

ಲೇಟೆಕ್ಸ್ ಕೈಗವಸು ಬೇಡ. ಲೇಟೆಕ್ಸ್ ವೀರ್ಯಾಣುವಿಗೆ ವಿಷ. ಬಾಟಲಿ ಮತ್ತು ಚೀಲಗಳನ್ನೂ ವೀರ್ಯಕ್ಕೆಂದೇ ಪರೀಕ್ಷಿಸಿದವನ್ನೇ ಕೊಳ್ಳಿ. 2010ರಲ್ಲಿ ಸ್ಪೇನ್‌ನ ಹಲವು ಫಾರ್ಮ್‌ಗಳಲ್ಲಿ ಹಂದಿಗಳಿಗೆ ಗಬ್ಬ ನಿಲ್ಲದೆ ಹೋಯಿತು. ವೀರ್ಯ ತುಂಬಿದ್ದ ಪ್ಲಾಸ್ಟಿಕ್ ಚೀಲಗಳಿಂದ ಇಳಿದ ರಾಸಾಯನಿಕಗಳೇ ಕಾರಣ ಎಂದು ಆಮೇಲೆ ಗೊತ್ತಾಯಿತು. ಮಾಮೂಲಿ ಪರೀಕ್ಷೆಯಲ್ಲಿ ವೀರ್ಯ ಚೆನ್ನಾಗಿಯೇ ಕಾಣುತ್ತಿತ್ತು. ಕಣ್ಣಿಗೆ ಕಾಣದ ತಪ್ಪೂ ಇರುತ್ತದೆ, ಅಲ್ವಾ?

## ಹಂತ 1: ಎಕ್ಸ್‌ಟೆಂಡರ್ ಮೊದಲು, ಹಂದಿ ಆಮೇಲೆ

ವೀರ್ಯ ತಂದು ಮೇಜಿನ ಮೇಲಿಟ್ಟು ಆಮೇಲೆ ಪುಡಿ ಕಲಸುವವರಿದ್ದಾರೆ. ಈ ಕ್ರಮವೇ ತಪ್ಪು. ಪುಡಿ ನೀರಿಗೆ ಬಿದ್ದ ಮೇಲೆ ಅದರ ಪಿಎಚ್ ನೆಲೆಗೊಳ್ಳಲು ಸುಮಾರು ಒಂದು ಗಂಟೆ ಬೇಕು. ಆದ್ದರಿಂದ ಸಂಗ್ರಹಕ್ಕೆ ಒಂದು ಗಂಟೆ ಮುಂಚೆಯೇ ಎಕ್ಸ್‌ಟೆಂಡರ್ ತಯಾರಾಗಿ ವಾಟರ್ ಬಾತ್‌ನಲ್ಲಿ ಕೂತಿರಬೇಕು.

ನೀರು ಡಿಸ್ಟಿಲ್ಡ್ ಅಥವಾ ಡಿಅಯೊನೈಸ್ಡ್ ಇರಲಿ. ಕುಡಿಯುವ ಬಾಟಲಿ ನೀರು, ಕುದಿಸಿ ಆರಿಸಿದ ನಲ್ಲಿ ನೀರು ಎರಡೂ ಬೇಡ. ಅವುಗಳಲ್ಲಿ ಕರಗಿದ ಲವಣ ಇರುತ್ತದೆ, ಲೆಕ್ಕವೆಲ್ಲ ತಪ್ಪುತ್ತದೆ. ತಿಂಗಳಿಂದ ಮುಚ್ಚಳ ತೆರೆದಿಟ್ಟ ಕ್ಯಾನಿನ ಡಿಸ್ಟಿಲ್ಡ್ ನೀರನ್ನೂ ನಂಬಬೇಡಿ.

ಪ್ಯಾಕೆಟ್ ಒಂದು ಲೀಟರಿಗೆ ಎಂದಿದ್ದರೆ ಇಡೀ ಪ್ಯಾಕೆಟ್ಟನ್ನು ಒಂದೇ ಸಲ ಹಾಕಿ. ಅರ್ಧ ಇಂದು, ಅರ್ಧ ನಾಳೆ ಎಂದು ಹಂಚಬೇಡಿ. ಪುಡಿಯೊಳಗಿನ ವಸ್ತುಗಳು ಪ್ಯಾಕೆಟ್ಟಿನಲ್ಲಿ ಒಂದೇ ಸಮ ಬೆರೆತಿರುವುದಿಲ್ಲ. ಮೊದಲರ್ಧದಲ್ಲಿ ಸಕ್ಕರೆ ಜಾಸ್ತಿ, ಉಳಿದರ್ಧದಲ್ಲಿ ಆಂಟಿಬಯೊಟಿಕ್ ಜಾಸ್ತಿ ಆಗಿಬಿಡಬಹುದು.

ನೀವೇ ತೂಗಿ ಮಾಡುವುದಾದರೆ ಬಿಟಿಎಸ್ (ಬೆಲ್ಟ್ಸ್‌ವಿಲ್ ಥಾಯಿಂಗ್ ಸಲ್ಯೂಷನ್) ಎಂಬ ಎಕ್ಸ್‌ಟೆಂಡರಿನ ಸೂತ್ರ ಸರಳ. ಒಂದು ಲೀಟರಿಗೆ ಗ್ಲೂಕೋಸ್ 37 ಗ್ರಾಂ, ಸೋಡಿಯಂ ಸಿಟ್ರೇಟ್ 6 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 1.25 ಗ್ರಾಂ, ಇಡಿಟಿಎ 1.25 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.75 ಗ್ರಾಂ. ಇದರ ಜೊತೆಗೆ ಆಂಟಿಬಯೊಟಿಕ್. ಯಾವುದು, ಎಷ್ಟು ಎನ್ನುವುದನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ. ಬಿಟಿಎಸ್‌ನಲ್ಲಿ ವೀರ್ಯ ಮೂರು ದಿನದವರೆಗೆ ಇರುತ್ತದೆ. ಐದು ದಿನ, ಏಳು ದಿನ ಬೇಕೆಂದರೆ ದೀರ್ಘಾವಧಿಗೆಂದೇ ಮಾಡಿದ ಎಕ್ಸ್‌ಟೆಂಡರ್ ತೆಗೆದುಕೊಳ್ಳಬೇಕು.

ಕಲಸಿದ ದ್ರವವನ್ನು ಅದೇ ದಿನ ಮುಗಿಸಿ. 24 ಗಂಟೆ ದಾಟಿದ್ದನ್ನು ಚೆಲ್ಲಿ.

## ಹಂತ 2: ಹಂದಿಯನ್ನೂ ಕೈಯನ್ನೂ ಸಿದ್ಧಮಾಡುವುದು

ವೀರ್ಯದಲ್ಲಿ ಸಿಗುವ ಬ್ಯಾಕ್ಟೀರಿಯಾದ ದೊಡ್ಡ ಪಾಲು ಹಂದಿಯ ಮುಂದೊಗಲಿನಿಂದಲೇ ಬರುತ್ತದೆ. ಅಲ್ಲೊಂದು ಚೀಲದಂಥ ಜಾಗವಿದೆ. ಅದರಲ್ಲಿ ಹಳೆಯ ಮೂತ್ರ, ಕೊಳೆ ನಿಂತಿರುತ್ತದೆ. ಹಂದಿ ಡಮ್ಮಿ (ಹೆಣ್ಣು ಹಂದಿಯ ಬದಲು ಹತ್ತಿಸುವ ಪೀಠ) ಹತ್ತುವ ಮುಂಚೆ ಅದನ್ನು ಒತ್ತಿ ಖಾಲಿ ಮಾಡಿ. ಸುತ್ತಲಿನ ಉದ್ದ ಕೂದಲು ಕತ್ತರಿಸಿ. ಒಣ ಪೇಪರ್ ಟವೆಲ್‌ನಿಂದ ಒರೆಸಿ. ನೀರು ಹಾಕಿ ತೊಳೆಯುವುದು ಬೇಡ, ಕೊಳೆ ನೀರು ಪಾತ್ರೆಗೆ ಇಳಿಯುತ್ತದೆ.

ಕೈಗೆ ಎರಡು ಗವಸು ಹಾಕಿ. ಹೊರಗಿನದು ಒರೆಸುವ ಕೆಲಸಕ್ಕೆ. ಶಿಶ್ನ ಹಿಡಿಯುವ ಮುಂಚೆ ಅದನ್ನು ಕಳಚಿ ಎಸೆಯಿರಿ. ಈ ಒಂದು ಅಭ್ಯಾಸದಿಂದ ಎಷ್ಟು ಕೊಳೆ ತಪ್ಪುತ್ತದೆ ಎನ್ನುವುದು ಕಳಚಿದ ಗವಸನ್ನು ಒಮ್ಮೆ ನೋಡಿದರೆ ಗೊತ್ತಾಗುತ್ತದೆ.

## ಹಂತ 3: ಸಂಗ್ರಹ

ಪಾತ್ರೆ 37 ಡಿಗ್ರಿಗೆ ಬಿಸಿಯಾಗಿರಲಿ, ಬಾಯಿಗೆ ಗಾಜ್ ಕಟ್ಟಿರಲಿ. ಮೊದಲು ಬರುವ ನೀರಿನಂಥ ದ್ರವವನ್ನು ಪಾತ್ರೆಗೆ ಹಿಡಿಯಬೇಡಿ. ಅದರಲ್ಲಿ ವೀರ್ಯಾಣು ಇಲ್ಲ, ಕೊಳೆ ಇದೆ. ಹಾಲಿನಂಥ ಬಿಳಿ ಭಾಗ ಬಂದಾಗ ಹಿಡಿಯಲು ಶುರು ಮಾಡಿ. ಅಂಟಾದ ಜೆಲ್ ಗಾಜ್ ಮೇಲೆ ನಿಲ್ಲುತ್ತದೆ. ಮುಗಿದ ತಕ್ಷಣ ಗಾಜ್ ಸಮೇತ ತೆಗೆದು ಎಸೆಯಿರಿ. ಅದನ್ನು ಹಿಂಡಬೇಡಿ.

ಶಿಶ್ನವನ್ನು ನೆಲಕ್ಕೆ ಸಮನಾಗಿ ಹಿಡಿದಿರಿ. ತುದಿ ಕೆಳಗೆ ಬಾಗಿದರೆ ಮುಂದೊಗಲಿನ ದ್ರವ ಜಾರಿಕೊಂಡು ನೇರ ಪಾತ್ರೆಗೇ ಬೀಳುತ್ತದೆ.

ಬಣ್ಣ ಗುಲಾಬಿ ಇದ್ದರೆ ರಕ್ತ, ಹಳದಿ ಇದ್ದು ವಾಸನೆ ಬಂದರೆ ಮೂತ್ರ. ಎರಡನ್ನೂ ಉಳಿಸಲು ಹೋಗಬೇಡಿ, ಚೆಲ್ಲಿ.

## ಹಂತ 4: ಮೊದಲ ನೋಟ

ಇಲ್ಲಿಂದ ಗಡಿಯಾರ ಓಡುತ್ತದೆ. ಸಂಗ್ರಹವಾದ ಸುಮಾರು 15 ನಿಮಿಷದೊಳಗೆ ಮೊದಲ ಎಕ್ಸ್‌ಟೆಂಡರ್ ವೀರ್ಯಕ್ಕೆ ಬಿದ್ದಿರಬೇಕು.

ಒಂದು ಹನಿ ತೆಗೆದು ಚಲನೆ ನೋಡಿ. ಸ್ಲೈಡ್, ಕವರ್ ಸ್ಲಿಪ್, ಪಿಪೆಟ್ ತುದಿ ಎಲ್ಲವೂ 37 ಡಿಗ್ರಿಯಲ್ಲಿರಲಿ. ಇದನ್ನು ನೀವೇ ಒಮ್ಮೆ ಪರೀಕ್ಷೆ ಮಾಡಿ ನೋಡಿ. ತಣ್ಣನೆ ಮೇಜಿನ ಮೇಲಿದ್ದ ಸ್ಲೈಡಿಗೆ ಒಂದು ಹನಿ, ಬಿಸಿ ಸ್ಲೈಡಿಗೆ ಅದೇ ವೀರ್ಯದ ಇನ್ನೊಂದು ಹನಿ. ಬಿಸಿ ಸ್ಲೈಡಿನಲ್ಲಿ ವೀರ್ಯಾಣುಗಳು ಕಣ್ಣಿನ ಅಂಚಿನಿಂದ ಅಂಚಿಗೆ ನೇರ ಗೆರೆ ಎಳೆದಂತೆ ಹೋಗುತ್ತವೆ. ತಣ್ಣನೆಯದರಲ್ಲಿ ಅವೇ ವೀರ್ಯಾಣುಗಳು ನಿಂತಲ್ಲೇ ಸುತ್ತುತ್ತವೆ, ಬಾಲ ಮಾತ್ರ ನಡುಗಿಸುತ್ತವೆ, ನೋಡನೋಡುತ್ತ ನಿಧಾನವಾಗುತ್ತವೆ. ಒಳ್ಳೆಯ ವೀರ್ಯವನ್ನು ಹೀಗೆ ಸುಮ್ನೆ ಕೆಟ್ಟದ್ದೆಂದು ಚೆಲ್ಲಿದವರು ಕಡಿಮೆಯಿಲ್ಲ.

ನೂರಕ್ಕೆ 70ಕ್ಕಿಂತ ಕಡಿಮೆ ಚಲಿಸುತ್ತಿದ್ದರೆ ಆ ವೀರ್ಯವನ್ನು ಶೇಖರಣೆಗೆ ಇಡಬೇಡಿ. ಬಾಲ ಸುರುಳಿಯಾದ, ತಲೆ ವಿಕಾರವಾದ, ಕತ್ತಿನಲ್ಲಿ ಹನಿ ಉಳಿದ ವೀರ್ಯಾಣುಗಳು ಒಟ್ಟು ಸೇರಿ ನೂರಕ್ಕೆ 20 ದಾಟಿದರೂ ಯೋಚಿಸಿ. ಶೇಖರಣೆಯಲ್ಲಿ ಗುಣಮಟ್ಟ ಏರುವುದಿಲ್ಲ. ಇರುವುದನ್ನು ಎಷ್ಟು ಕಾಪಾಡಿಕೊಳ್ಳುತ್ತೇವೆ ಎನ್ನುವುದಷ್ಟೇ ನಮ್ಮ ಕೈಯಲ್ಲಿದೆ.

## ಹಂತ 5: ಎಣಿಕೆ ಮತ್ತು ಲೆಕ್ಕ

ಎಣಿಕೆಗೆ ಕೂರುವ ಮುಂಚೆ ವೀರ್ಯಕ್ಕೆ ಅಷ್ಟೇ ಪ್ರಮಾಣದ ಎಕ್ಸ್‌ಟೆಂಡರ್ ಸೇರಿಸಿಬಿಡಿ. ಹೇಗೆ ಎನ್ನುವುದು ಮುಂದಿನ ಹಂತದಲ್ಲಿದೆ. ಎಣಿಸಲು ಬೇಕಾದ ಹನಿಯನ್ನು ಮಾತ್ರ ಅದಕ್ಕೂ ಮುಂಚೆ, ಬೆರೆಸದ ವೀರ್ಯದಿಂದ ತೆಗೆದಿಟ್ಟುಕೊಳ್ಳಿ. ಬೆರೆಸದ ವೀರ್ಯದ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ತೂಗಿ ಅಳೆದರೆ ಸುಲಭ, ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಮಿ.ಲೀ. ಇನ್ನೊಂದು ಪಾತ್ರೆಗೆ ಸುರಿಯುವ ಕೆಲಸವೂ ತಪ್ಪುತ್ತದೆ.

ಹಿಮೋಸೈಟೋಮೀಟರ್ ಇದ್ದರೆ, ತೆಗೆದಿಟ್ಟ ವೀರ್ಯವನ್ನು ಫಾರ್ಮಲಿನ್ ಬೆರೆಸಿದ ಸಲೈನ್‌ನಲ್ಲಿ 100 ಪಟ್ಟು ತೆಳುಮಾಡಿ. ನಡುವಿನ 25 ಚೌಕಗಳಲ್ಲಿ 5 ಚೌಕ ಎಣಿಸಿ. 60 ಸಿಕ್ಕಿತು ಅನ್ನಿ. 60 ಅನ್ನು 5ರಿಂದ, ಆಮೇಲೆ 10,000ದಿಂದ, ಆಮೇಲೆ 100ರಿಂದ ಗುಣಿಸಿ. ಮಿ.ಲೀ.ಗೆ 30 ಕೋಟಿ ಬರುತ್ತದೆ.

ಈಗ ಡೋಸ್ ಲೆಕ್ಕ. ವೀರ್ಯ 250 ಮಿ.ಲೀ., ಮಿ.ಲೀ.ಗೆ 30 ಕೋಟಿ. ಒಟ್ಟು 7,500 ಕೋಟಿ. ನೂರಕ್ಕೆ 80 ಚಲಿಸುತ್ತಿದ್ದರೆ ಲೆಕ್ಕಕ್ಕೆ ಬರುವುದು 6,000 ಕೋಟಿ. ಒಂದು ಡೋಸಿಗೆ 300 ಕೋಟಿ ಎಂದರೆ 20 ಡೋಸ್. 80 ಮಿ.ಲೀ. ಬಾಟಲಿಯಾದರೆ ಒಟ್ಟು 1,600 ಮಿ.ಲೀ. ಬೇಕು. ಅದರಲ್ಲಿ ವೀರ್ಯವೇ 250 ಇದೆ. ಒಟ್ಟು ಎಕ್ಸ್‌ಟೆಂಡರ್ 1,350 ಮಿ.ಲೀ. ಮೊದಲೇ 250 ಹಾಕಿದ್ದೀರಿ, ಇನ್ನು ಸೇರಿಸಬೇಕಾದದ್ದು 1,100.

ಇನ್ನೂ ಹತ್ತು ಡೋಸ್ ಎಳೆಯೋಣ ಎಂಬ ಆಸೆ ಬೇಡ. ಮೊದಲ ದಿನ ನಡೆಯುತ್ತದೆ. ಮೂರನೇ ದಿನಕ್ಕೆ ಬದುಕಿರುವ ವೀರ್ಯಾಣು ಸಾಲುವುದಿಲ್ಲ.

## ಹಂತ 6: ಬೆರೆಸುವುದು. ಹೆಚ್ಚಿನವರು ಸೋಲುವುದು ಇಲ್ಲೇ

ನಿಯಮ ಒಂದೇ. ವೀರ್ಯದ ಶಾಖಕ್ಕೂ ಎಕ್ಸ್‌ಟೆಂಡರ್ ಶಾಖಕ್ಕೂ ವ್ಯತ್ಯಾಸ 2 ಡಿಗ್ರಿ ದಾಟಬಾರದು. ಒಂದು ಡಿಗ್ರಿಯೊಳಗೆ ಇದ್ದರೆ ಇನ್ನೂ ಒಳ್ಳೆಯದು.

ನಿಯಮ ಎಲ್ಲರಿಗೂ ಗೊತ್ತು. ತಪ್ಪುವುದು ಅಳೆಯುವ ಜಾಗದಲ್ಲಿ. ವಾಟರ್ ಬಾತ್‌ನ ಡಿಸ್‌ಪ್ಲೇ 37 ತೋರಿಸುತ್ತದೆ. ಅದು ಸುತ್ತಲಿನ ನೀರಿನ ಶಾಖ. ಎಕ್ಸ್‌ಟೆಂಡರ್ ತುಂಬಿದ ಒಂದು ಲೀಟರ್ ಬಾಟಲಿಯ ನಡುಭಾಗ ಆ ಶಾಖಕ್ಕೆ ಬರಲು ತುಂಬ ಹೊತ್ತು ಹಿಡಿಯುತ್ತದೆ. ನನಗೂ ಇದು ಆಗಿದೆ. ಡಿಸ್‌ಪ್ಲೇ ನಂಬಿ ಬೆರೆಸಿದ ಮೇಲೆ ಉಳಿದ ಎಕ್ಸ್‌ಟೆಂಡರಿಗೆ ಥರ್ಮಾಮೀಟರ್ ಇಳಿಸಿದರೆ 32 ಇತ್ತು. ಆ ದಿನದ ವೀರ್ಯ ಎರಡನೇ ದಿನಕ್ಕೇ ಕುಸಿಯಿತು. ಅಂದಿನಿಂದ ಒಂದೇ ಥರ್ಮಾಮೀಟರನ್ನು ಮೊದಲು ಎಕ್ಸ್‌ಟೆಂಡರಿಗೆ, ಒರೆಸಿ ಆಮೇಲೆ ವೀರ್ಯಕ್ಕೆ ಇಳಿಸಿ ನೋಡದೆ ಒಂದು ಹನಿಯೂ ಸುರಿಯುವುದಿಲ್ಲ.

ವ್ಯತ್ಯಾಸ ಇದ್ದರೆ ಏನು ಮಾಡಬೇಕು? ವೀರ್ಯವನ್ನು ಬಿಸಿ ಮಾಡಲು ಹೋಗಬೇಡಿ. ಎಕ್ಸ್‌ಟೆಂಡರನ್ನು ವೀರ್ಯದ ಶಾಖಕ್ಕೆ ತನ್ನಿ. ವೀರ್ಯ 35 ಇದ್ದರೆ ಎಕ್ಸ್‌ಟೆಂಡರೂ 35.

ಎಕ್ಸ್‌ಟೆಂಡರನ್ನು ವೀರ್ಯಕ್ಕೆ ಸುರಿಯಬೇಕು. ವೀರ್ಯವನ್ನು ಎಕ್ಸ್‌ಟೆಂಡರಿಗೆ ಸುರಿದರೆ ಮೊದಲು ಬಿದ್ದ ವೀರ್ಯಾಣುಗಳಿಗೆ ಸುತ್ತಲಿನ ದ್ರವ ಒಮ್ಮೆಗೇ ಬದಲಾಗಿ ಆಘಾತವಾಗುತ್ತದೆ. ಮೊದಲು ಸಮಪಾಲು, ಪಾತ್ರೆಯ ಗೋಡೆ ಹಿಡಿದು ನಿಧಾನವಾಗಿ. ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ. ಸುಮಾರು ಹತ್ತು ನಿಮಿಷ ಬಿಡಿ, ಎಣಿಕೆ ಮುಗಿಸಿ. ಮತ್ತೆ ಎರಡರ ಶಾಖ ನೋಡಿ, ಉಳಿದದ್ದನ್ನು ಸೇರಿಸಿ. ನೊರೆ ಎದ್ದರೆ ನೀವು ಅವಸರ ಮಾಡುತ್ತಿದ್ದೀರಿ ಎಂದರ್ಥ.

ಬೆರೆಸಿದ ಮೇಲೆ ಇನ್ನೊಮ್ಮೆ ಚಲನೆ ನೋಡಿ. ಮುಂಚಿನಷ್ಟೇ ಇರಬೇಕು. ಇಲ್ಲೇ ಹತ್ತಿಪ್ಪತ್ತು ಅಂಕ ಇಳಿದಿದ್ದರೆ ಶಾಖ, ಎಕ್ಸ್‌ಟೆಂಡರ್ ತೂಕ, ಪಾತ್ರೆಯಲ್ಲಿ ಉಳಿದ ಸೋಪು, ಈ ಮೂರರಲ್ಲಿ ಒಂದು ತಪ್ಪಿರುವ ಸಾಧ್ಯತೆಯೇ ಹೆಚ್ಚು.

## ಹಂತ 7: ಬಾಟಲಿಗೆ ತುಂಬಿ ನಿಧಾನವಾಗಿ ತಂಪು ಮಾಡುವುದು

ಬಾಟಲಿಗಳು ತಣ್ಣಗಿರಬಾರದು. ತುಂಬಿದ ಮೇಲೆ ಮೆಲ್ಲಗೆ ಒತ್ತಿ ಗಾಳಿ ಹೊರಹಾಕಿ, ಮುಚ್ಚಿ. ಒಳಗೆ ಗಾಳಿ ಉಳಿದರೆ ಅಲುಗಾಡಿದಾಗ ದ್ರವದ ಇಂಗಾಲದ ಡೈಆಕ್ಸೈಡ್ ಹೊರಬಂದು ಪಿಎಚ್ ಏರುತ್ತದೆ. ಹಂದಿಯ ಗುರುತು, ದಿನಾಂಕ, ಹೊತ್ತು ಬರೆಯಿರಿ. ಸಂಗ್ರಹಿಸಿದ ದಿನ ಅಂದರೆ 0.

ಪ್ರತಿ ಸಲ ಬೆರೆಸಿದ ವೀರ್ಯದಿಂದ ಎರಡು ಮೂರು ಸಣ್ಣ ಟ್ಯೂಬ್ ಮಾದರಿ ತೆಗೆದಿಡಿ. ದಿನವೂ ಪರೀಕ್ಷೆಗೆ ಇವೇ ಆಧಾರ.

ಬೆಚ್ಚಗಿರುವ ಬಾಟಲಿಗಳನ್ನು ನೇರ ಪೆಟ್ಟಿಗೆಗೆ ಇಡಬೇಡಿ. 20ರಿಂದ 22 ಡಿಗ್ರಿಯ ಕೋಣೆಯಲ್ಲಿ, ಬಿಸಿಲು ಬೀಳದ ಕಡೆ, ಒಂದರಿಂದ ಒಂದೂವರೆ ಗಂಟೆ ಬಿಡಿ. ಆಮೇಲೆ ಪೆಟ್ಟಿಗೆಗೆ. ಕೋಣೆ ಅಷ್ಟು ತಂಪಿಲ್ಲದಿದ್ದರೆ ಬಾಟಲಿಗಳನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ. ಟವೆಲ್ ಇರುವುದರಿಂದ ಶಾಖ ನಿಧಾನವಾಗಿ ಇಳಿಯುತ್ತದೆ. ಹಳೆಯ ಡೋಸ್‌ಗಳಿಗೆ ತಾಗಿಸಿ ಮಾತ್ರ ಇಡಬೇಡಿ, ಅವು ಬಿಸಿಯಾಗಿಬಿಡುತ್ತವೆ.

## ಹಂತ 8: ಪೆಟ್ಟಿಗೆಯೊಳಗೆ

16ರಿಂದ 18 ಡಿಗ್ರಿ. ಇದರೊಳಗೇ ಇರಲಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಶಾಖವನ್ನು ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ತನ್ನಿ. ಅದರ ತುದಿಯನ್ನು ನೀರು ತುಂಬಿದ ಒಂದು ಡೋಸ್ ಬಾಟಲಿಯೊಳಗೆ ಇಳಿಸಿ ಇಡಿ. ಆಗ ಬಾಗಿಲು ತೆಗೆದಾಗಿನ ಗಾಳಿಯ ಏರಿಳಿತದ ಬದಲು ವೀರ್ಯಕ್ಕೆ ನಿಜವಾಗಿ ತಾಗಿದ ಶಾಖ ತಿಳಿಯುತ್ತದೆ. ಬೆಳಿಗ್ಗೆ ನೀವು ನೋಡುವಾಗ 17 ಇರಬಹುದು, ರಾತ್ರಿ ಕರೆಂಟ್ ಹೋಗಿ 23 ಮುಟ್ಟಿ ಬಂದಿರಬಹುದು. ಎರಡೂ ಅಂಕಿಗಳನ್ನು ದಿನವೂ ಬರೆದು, ಥರ್ಮಾಮೀಟರನ್ನು ಮತ್ತೆ ಶುರುವಿಗೆ ತನ್ನಿ.

ಬಾಟಲಿಗಳನ್ನು ಮಲಗಿಸಿ ಇಡಿ, ನಡುವೆ ಗಾಳಿ ಆಡಲಿ. ಗೋಡೆಗೂ ಫ್ಯಾನಿಗೂ ತಾಗಬಾರದು. ತಳದಲ್ಲಿ ಬಿಳಿ ಪದರ ಕೂತರೆ ಗಾಬರಿಯಾಗಬೇಡಿ, ವೀರ್ಯಾಣು ಕೆಳಗೆ ಇಳಿಯುವುದು ಸಹಜ. ದಿನಕ್ಕೆ ಒಂದೆರಡು ಸಲ ಮೆಲ್ಲಗೆ ಮಗುಚಿದರೆ ಸಾಕು. ಕುಲುಕಬೇಡಿ. ದಿನವಿಡೀ ತಿರುಗಿಸುವ ಯಂತ್ರವೂ ನನ್ನ ಮಟ್ಟಿಗೆ ಬೇಡ.

ಬೆಳಕು ಬೀಳದಿರಲಿ. ಪೆಟ್ಟಿಗೆಯಲ್ಲಿ ಊಟ, ಲಸಿಕೆ ಇಟ್ಟರೆ ಬಾಗಿಲು ಹತ್ತು ಸಲ ತೆರೆಯಬೇಕಾಗುತ್ತದೆ. ಅದು ವೀರ್ಯಕ್ಕೆ ಮಾತ್ರ ಮೀಸಲಿರಲಿ.

## ಹಂತ 9: ದಿನದ ಪರೀಕ್ಷೆ

ಮಾದರಿ ಟ್ಯೂಬಿನಿಂದ ಸ್ವಲ್ಪ ತೆಗೆದು 37 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಬಿಡಿ. ತಂಪಿನಲ್ಲಿದ್ದ ವೀರ್ಯಾಣು ಎಚ್ಚರಗೊಳ್ಳಲು ಅಷ್ಟು ಹೊತ್ತು ಬೇಕು. ಎರಡೇ ನಿಮಿಷಕ್ಕೆ ನೋಡಿ ಸತ್ತಿವೆ ಎಂದು ಬರೆಯುವುದು ತುಂಬ ಸಾಮಾನ್ಯ ತಪ್ಪು. ಬೇರೆ ಬೇರೆ ಐದು ಕಡೆ ನೋಡಿ ಸರಾಸರಿ ಹಾಕಿ. ಸಾಧ್ಯವಾದರೆ ಒಬ್ಬರೇ ದಿನವೂ ನೋಡಲಿ. ಒಬ್ಬರ 70 ಇನ್ನೊಬ್ಬರ 80 ಆಗಿರುತ್ತದೆ.

ನೂರಕ್ಕೆ 60ಕ್ಕಿಂತ ಕೆಳಗೆ ಬಂದರೆ ಬಳಸಬೇಡಿ. ಚಲನೆ ಚೆನ್ನಾಗಿದೆ ಎಂದು ಬಿಟಿಎಸ್ ಡೋಸನ್ನು ಐದನೇ ದಿನಕ್ಕೆ ಎಳೆಯುವುದೂ ಬೇಡ. ಚಲನೆ ಇಳಿಯುವ ಮುಂಚೆಯೇ ಗಬ್ಬ ನಿಲ್ಲಿಸುವ ಶಕ್ತಿ ಇಳಿಯಲು ಶುರುವಾಗಿರುತ್ತದೆ.

## ಹಂತ 10: ಸಾಗಣೆ ಮತ್ತು ಬಳಕೆ

ಥರ್ಮಾಕೋಲ್ ಪೆಟ್ಟಿಗೆ, 17 ಡಿಗ್ರಿಗೆ ತಂದ ಜೆಲ್ ಪ್ಯಾಕ್. ಐಸ್ ಬಾಟಲಿಗೆ ತಾಗಿದರೆ ಆ ಬದಿಯ ವೀರ್ಯ ಮುಗಿದಂತೆ. ಗಾಡಿಯ ನಡುಕವೂ ಹಾನಿಯೇ, ಬಾಟಲಿಗಳ ಸುತ್ತ ಬಟ್ಟೆ ಒತ್ತಿ ತುಂಬಿ.

ಹೆಣ್ಣು ಹಂದಿಗೆ ಕೊಡುವ ಮುಂಚೆ ಡೋಸನ್ನು ಬಿಸಿ ಮಾಡಬೇಕಿಲ್ಲ. ಅಂದು ಬೆದೆಗೆ ಬಂದವು ಎಷ್ಟಿವೆಯೋ ಅಷ್ಟೇ ಬಾಟಲಿ ತೆಗೆದುಕೊಂಡು ಹೋಗಿ. ಒಮ್ಮೆ ಬಿಸಿಯಾದ ಬಾಟಲಿಯನ್ನು ಮತ್ತೆ ಪೆಟ್ಟಿಗೆಗೆ ಇಡಬೇಡಿ.

## ಲಕ್ಷಣ ನೋಡಿ ಕಾರಣ ಹಿಡಿಯುವುದು

ಮೊದಲ ದಿನ ಚೆನ್ನಾಗಿತ್ತು, ಎರಡು ಮೂರನೇ ದಿನ ಒಮ್ಮೆಗೇ ಕುಸಿಯಿತು, ವೀರ್ಯಾಣುಗಳು ಗುಂಪು ಗುಂಪಾಗಿ ಅಂಟಿಕೊಂಡಿವೆ. ಬ್ಯಾಕ್ಟೀರಿಯಾ. ಪಿಎಚ್ ನೋಡಿ, ಹುಳಿ ಕಡೆಗೆ ಇಳಿದಿದ್ದರೆ ಅನುಮಾನ ಇನ್ನೂ ಗಟ್ಟಿ. ನೀರಿನ ಕ್ಯಾನ್, ನೀರು ಶುದ್ಧೀಕರಿಸುವ ಯಂತ್ರದ ಪೈಪ್, ಸಿಂಕ್, ವಾಟರ್ ಬಾತ್‌ನ ಹಳೆಯ ನೀರು, ಒಂದೊಂದಾಗಿ ಹುಡುಕಿ. ಆಂಟಿಬಯೊಟಿಕ್ ಜಾಸ್ತಿ ಹಾಕಿ ಇದನ್ನು ಮುಚ್ಚಬೇಡಿ. ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾವೇ ಕೊನೆಗೆ ಉಳಿದುಕೊಳ್ಳುತ್ತದೆ.

ಬೆರೆಸಿದ ತಕ್ಷಣ ಬಾಲ ಸುರುಳಿಯಾದವು ಜಾಸ್ತಿ. ಎಕ್ಸ್‌ಟೆಂಡರ್ ತೆಳುವಾಗಿದೆ ಅಥವಾ ಪಾತ್ರೆಯಲ್ಲಿ ನೀರು ಉಳಿದಿತ್ತು. ತಕ್ಕಡಿ ಪರೀಕ್ಷಿಸಿ, ಪಾತ್ರೆ ಪೂರ್ತಿ ಒಣಗಿಸಿ.

ಎಲ್ಲ ಹಂದಿಗಳ ವೀರ್ಯವೂ ಒಂದೇ ದಿನ ಕೆಟ್ಟಿತು. ಹಂದಿಗಳನ್ನು ಬಿಟ್ಟು ನೀರು, ಪುಡಿಯ ಹೊಸ ಪ್ಯಾಕೆಟ್, ಹೊಸ ಬಾಟಲಿ, ಸೋಪು, ಆರದೆ ಉಳಿದ ಆಲ್ಕೋಹಾಲ್ ಕಡೆ ನೋಡಿ. ತೊಳೆದ ಗಾಜಿನ ಸಾಮಾನಿಗೆ ಕೊನೆಯ ಜಾಲಾಟ ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು.

ಒಂದೇ ಹಂದಿಯದು ಮಾತ್ರ ಕೆಡುತ್ತಿದೆ. ಅದಕ್ಕೆ ಜ್ವರ ಬಂದಿತ್ತಾ, ಬಿಸಿಲ ಝಳ ತಾಗಿತ್ತಾ ಎಂದು ಹಿಂದಿನ ಆರೇಳು ವಾರದ ಪುಸ್ತಕ ತೆಗೆದು ನೋಡಿ. ವೀರ್ಯಾಣು ಹುಟ್ಟಿ ಬೆಳೆಯಲು ಸುಮಾರು 35 ದಿನ, ಆಮೇಲೆ ಹೊರಬರುವ ದಾರಿಯಲ್ಲಿ ಇನ್ನೂ ಸುಮಾರು 10 ದಿನ. ಕಳೆದ ತಿಂಗಳ ಜ್ವರ ಈ ವಾರದ ಬಾಟಲಿಯಲ್ಲಿ ಕಾಣುತ್ತದೆ. ಅಲ್ಲಿಯವರೆಗೆ ಆ ಹಂದಿಯಿಂದ ವಾರಕ್ಕೊಮ್ಮೆ ತೆಗೆದು, ನೋಡಿ, ಚೆಲ್ಲಿ. ಚಲನೆ 70 ದಾಟಿ, ಮಾದರಿ ಟ್ಯೂಬ್ ಮೂರನೇ ದಿನವೂ 60ರ ಮೇಲೆ ನಿಂತ ಮೇಲೆ ಮತ್ತೆ ಡೋಸ್ ತುಂಬಲು ಶುರು ಮಾಡಿ.